ರೋಸಾಳ ಗಂಜಿ, ಅಜ್ಜಿಯ ಭರಣಿ

ಥೂ! ಗಲ್ಫಿನ ಖಲೀಫಾ ಸಿಟಿಯ ನಮ್ಮ ಅಡುಗೆಮನೆಯಲ್ಲಿ ಇವತ್ತು ಏನೋ ಸತ್ತಿದೆ ಅಂದುಕೊಂಡೆ. ಸತ್ತದ್ದಲ್ಲ, ಬೇಯುತ್ತಿದ್ದದ್ದು. ಹೊಟ್ಟೆ ಸರಿಯಿಲ್ಲವೆಂದು ನಾನು ಹೇಳಿದ್ದೇ ತಪ್ಪಾಯಿತು. ಪೆರು ದೇಶದ ಸೊಸೆ ರೋಸಾ, ತನ್ನ ಬೆಟ್ಟದೂರಿನವರು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಸಿ ಒಣಗಿಸಿದ ಆಲೂಗಡ್ಡೆಯಿಂದ ಗಂಜಿ ಕಾಯಿಸುತ್ತಿದ್ದಳು. ತೊಕೋಶ್ ಅಂತೆ. ಕಾಲೇಜಿನಲ್ಲಿ ಇಂಥ ಅಸಹ್ಯಕ್ಕೊಂದು ಇಂಗ್ಲಿಷ್ ಪದ ಕಲಿತಿದ್ದೆ, ಅಬಾಮಿನ... ಏನೋ. ನನ್ನವಳು ಬದುಕಿದ್ದರೆ ಪೂರ್ತಿ ಮಾಡುತ್ತಿದ್ದಳು.

ಆ ನಾತ ನನ್ನನ್ನು ನೇರ ಅಜ್ಜಿಯ ಭರಣಿಯ ಮುಂದೆ ಕೂರಿಸಿತು. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮೇಲೆ ಬಿಳಿ ಪೊರೆ. ಅಜ್ಜಿ ಮೊಣಕೈವರೆಗೆ ಕೈ ಇಳಿಸಿ ಲೋಳೆಲೋಳೆ ಸೊಳೆ ಎತ್ತುತ್ತಿದ್ದರು, ಅದೇ ಕೈಯಲ್ಲಿ ನನ್ನ ಗಲ್ಲ ಸವರುತ್ತಿದ್ದರು. ಪಲ್ಯ ಬಡಿಸಿದಾಗ ಮೂಗು ಹಿಡಿದರೆ, "ನಿನ್ನ ಮೂಗಿಗೆ ಮಾಡಿದ್ದಲ್ಲ ಮಾರಾಯ, ಹೊಟ್ಟೆಗೆ ಮಾಡಿದ್ದು" ಎನ್ನುತ್ತಿದ್ದರು.

"ಪಪ್ಪಾ, ಗುಡ್ ಫಾರ್ ಸ್ಟಮಕ್" ಎಂದು ರೋಸಾ ಬಟ್ಟಲಿಟ್ಟಳು. ಮದುವೆಯಾಗಿ ಬಂದ ಮೇಲೆ ತನ್ನೂರಿನ ಅಡುಗೆ ಮಾಡಿದ್ದು ಇದೇ ಮೊದಲು. ಬೇಡವೆಂದರೆ ಮತ್ತೆಂದೂ ಮಾಡಲಾರಳು. ನಾತ ತಡೆಯಲಾಗದೆ ಮೂಗು ಹಿಡಿದೇ ನುಂಗಿದೆ. ಅವಳಿಗೆ ಬೇಸರವಾಯಿತೇನೋ ಎಂದು ಅಳುಕುತ್ತಾ ತಲೆಯೆತ್ತಿದರೆ, ಎದುರಿಗೆ ಅವಳೂ ಮೂಗು ಹಿಡಿದೇ ತಿನ್ನುತ್ತಿದ್ದಳು.

"ಗ್ರ್ಯಾಂಡ್‌ಮಾ ಹೌಸ್, ಸೇಮ್ ಸೇಮ್" ಎಂದಳು, ಹಿಡಿದ ಮೂಗು ಬಿಡದೆ.

ಥೂ, ಬಾಯಿ ಇನ್ನೂ ನಾರುತ್ತಿದೆ.