ಹುಲ್ಲಿಗೆ ಕಟ್ಟಿದ ನೆರಳು

ಶರಣಪ್ಪ ಬಿಸಿಲಿಗೆ ಹೆದರಿ ಓಡಿ ಬಂದವನಲ್ಲ. ಅವನನ್ನು ಬಿಸಿಲಿಗೆ ಎಬ್ಬಿಸಿ ನಿಲ್ಲಿಸಿದವನು ನಾನು — ಆಮೇಲೆ ಊರಿಗೆ ಬಂದು, ಅವನ ಎದುರಲ್ಲೇ, ಅವನು ಓಡಿ ಬಂದನೆಂದು ಹೇಳಿದವನೂ ನಾನೇ.

ಅವನು ನನ್ನ ಚಿಕ್ಕಪ್ಪನ ಮಗ. ಇಬ್ಬರೂ ದೋರನಹಳ್ಳಿಯವರು. ಭೀಮರಾಯನಗುಡಿ ರಸ್ತೆಯ ನರ್ಸರಿಯೊಂದರಲ್ಲಿ ಹುಲ್ಲುಹಾಸು ಹಾಕುವುದನ್ನು ಕಲಿತಿದ್ದೆವು. ಆ ಕೆಲಸವೇ ನಮ್ಮನ್ನು ಕೊಲ್ಲಿ ದೇಶಕ್ಕೆ ಒಯ್ದಿತು. ಅಲ್ಲಿ ಫುಟ್ಬಾಲ್ ವಿಶ್ವಕಪ್ಪಿಗೆ ಮೈದಾನ ಸಿದ್ಧವಾಗುತ್ತಿತ್ತು. ಹೊರಡುವಾಗ ಯಾರಾದರೂ ಅಲ್ಲಿಯ ಬಿಸಿಲಿನ ಮಾತೆತ್ತಿದರೆ ನಾನು ನಗುತ್ತಿದ್ದೆ. ಬೇಸಿಗೆ, ಕಡು ಬೇಸಿಗೆ — ಎರಡೇ ಕಾಲ ಕಂಡವರು ನಾವು. ನಮಗೆ ಬಿಸಿಲಿನ ಪಾಠವೇ? ಯಾದಗಿರಿ ಕಡೆಯವರಿಗೆ ಸೊಕ್ಕು ಅಂತ ಇದ್ದರೆ ಇದೊಂದೇ.

ಅಲ್ಲಿಯ ಬಿಸಿಲು ಬೇರೆ. ಸಮುದ್ರದ ಹಸಿ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಹೊಸ ಹುಲ್ಲು ಬಾಡಬಾರದೆಂದು ನಾವೇ ಅದರ ಮೇಲೆ ನೆರಳಿನ ಬಲೆ ಕಟ್ಟಿದ್ದೆವು. ಒಂದು ಮಧ್ಯಾಹ್ನ ಶರಣಪ್ಪ ಆ ಬಲೆಯ ಅಂಚಿನಲ್ಲಿ ಕುಸಿದು ಕೂತ.

"ಅಣ್ಣಾ, ತಲಿ ತಿರಗಾಕತ್ತದ. ಚೂರು ನೆಳ್ಳಾಗ ಕುಂದರತೀನಿ."

ಸುತ್ತ ಬೇರೆ ಬೇರೆ ದೇಶದವರು ಕೆಲಸದಲ್ಲಿದ್ದರು. ಮೇಸ್ತ್ರಿ ಕೂಡ, ಕೂರಲಿ ಬಿಡು ಎಂದ. ನಾಚಿಕೆಯಾದದ್ದು ನನಗೆ.

"ಏಳು. ಯಾದಗಿರಿ ಮಂದಿ ಬಿಸಿಲಿಗಿ ಕುಂದರತಾರೇನು? ಮಂದಿ ನಗ್ತಾರ."

ಎದ್ದ. ಅಣ್ಣನ ಮಾತು ಮೀರುವವನಲ್ಲ ಅವನು. ಸ್ವಲ್ಪ ಹೊತ್ತಿನಲ್ಲೇ ಹುಲ್ಲಿನ ಮೇಲೆ ಬೋರಲಾಗಿ ಬಿದ್ದಿದ್ದ. ಆಸ್ಪತ್ರೆ, ಆಮೇಲೆ ಊರಿಗೆ ವಿಮಾನ. ಜೀವ ಉಳಿಯಿತು, ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲುವ ಶಕ್ತಿ ಮಾತ್ರ ಮತ್ತೆ ಬರಲಿಲ್ಲ. ನಮ್ಮಂಥ ಊರಲ್ಲಿ, ಹೊಲ ಇದ್ದವನಿಗೆ, ಅದಿಲ್ಲದೆ ಇನ್ನೇನು —

ನಾನು ಕೆಲಸ ಮುಗಿಸಿಯೇ ಬಂದೆ. ವಿಶ್ವಕಪ್ ಶುರುವಾದಾಗ ಪಕ್ಕದ ಶಹಾಪುರದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ, ಟಿವಿಯ ಮುಂದಿನ ಕುರ್ಚಿ ನನ್ನದು. ಅದೇ ಹುಲ್ಲು, ದೀಪದ ಬೆಳಕಿನಲ್ಲಿ — ಸುಳ್ಳೇಕೆ ಹೇಳಲಿ, ಎದೆ ಉಬ್ಬಿತ್ತು. "ಆ ಮೂಲ್ಯಾಗಿನ ಹುಲ್ಲು ನಾನ ಹಾಸೀನಿ" ಎಂದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಆಗ ಯಾರೋ ಕೇಳಿದರು, "ಅಲ್ಲಿ ಮಂದಿ ಬಿಸಿಲಿಗಿ ಬೀಳ್ತಾರ ಅಂತಾನಲ್ರಿ ನಿಮ್ಮ ತಮ್ಮ, ಖರೇನ?" ಆಟ ಚೆನ್ನಾಗಿ ನಡೆಯುತ್ತಿತ್ತು. ಕೆಡಿಸಲು ಮನಸ್ಸಾಗಲಿಲ್ಲ — ಆಟವನ್ನೋ, ನನ್ನ ಕುರ್ಚಿಯನ್ನೋ.

"ದಮ್ಮಿಲ್ದಾಂವ ಹಂಗ ಅಂತಾನ. ಓಡಿ ಬಂದಾನ ಅಂವ."

ಶರಣಪ್ಪ ಬಾಗಿಲ ಬಳಿ ಕೂತಿದ್ದ. ಅವನನ್ನು ನೋಡಿಯೇ ಹೇಳಿದೆ. ಅರ್ಧ ಕುಡಿದ ಚಹಾ ಇಟ್ಟು ಎದ್ದು ಹೋದ. ಎಬ್ಬಿಸಿ ನಿಲ್ಲಿಸಿದವನು ನಾನೆಂದು ಇವತ್ತಿನವರೆಗೂ ಅವನು ಯಾರ ಮುಂದೆಯೂ ಹೇಳಿಲ್ಲ. ಊರವರು ಅವನನ್ನು 'ನೆಳ್ಳಿನ ಶರಣಪ್ಪ' ಎಂದು ಕರೆಯುತ್ತಾರೆ.

ನಮ್ಮಿಬ್ಬರ ಮನೆಗಳಿಗೆ ಒಂದೇ ಗೋಡೆ. ಅವನು ಕೆಮ್ಮಿದರೆ ನನಗೆ ಕೇಳುತ್ತದೆ, ಮಾತಿಲ್ಲ. ಫುಟ್ಬಾಲ್ ಮೇಲಿನ ಆಸೆ ನನಗೆ ಹೋಗಿಲ್ಲ. ಗೋಲು ಬಿದ್ದರೆ ಈಗಲೂ ಕೂಗುತ್ತೇನೆ, ಕೂಗಿದ ಮೇಲೆ ಗೋಡೆಯ ಆಚೆ ಕೇಳಿತೇನೋ ಎಂದು ಬಾಯಿ ಮುಚ್ಚುತ್ತೇನೆ. ಒಬ್ಬನೇ ಕೂತು ನೋಡುವ ಆಟ ಬಹಳ ಉದ್ದ.

ಈ ಸಲ ವಿಶ್ವಕಪ್ ಬೇರೆ ಕಡೆ. ಕೆಲವು ಪಂದ್ಯ ಬೆಳಗಿನ ಚಹಾದ ಹೊತ್ತಿಗೆ ಬರುತ್ತವೆ. ಅದೇ ಹೋಟೆಲಿಗೆ ಹೋಗಿ, ಅದೇ ಜನರ ಮುಂದೆ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಮಾಲೀಕ ನನ್ನ ಹೆಗಲ ಮೇಲೆ ಕೈಯಿಟ್ಟ.

"ತಮ್ಮನ ಮರ್ಯಾದಿ ಉಳಸಾಕ ಎಲ್ಲಾ ನಿಮ್ಮ ಮ್ಯಾಲ ಹಾಕ್ಕೊಂಡ್ರಿ. ಭಾಳ ದೊಡ್ಡ ಮನಸ್ರಿ ನಿಮ್ದು."

ಎಲ್ಲರೂ ತಲೆಯಾಡಿಸಿದರು. ಅವತ್ತು ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದರು. ನಿಜ ಹೇಳಿದ ಮೇಲೆ ನಾನು ಇನ್ನೂ ದೊಡ್ಡವನಾಗಿ ಹೊರಗೆ ಬಂದೆ.

ಶರಣಪ್ಪ, ಅದಕ್ಕೇ ಇದನ್ನು ಬರೆದೆ. ಆ ಕುರ್ಚಿಯಲ್ಲಿ ಇನ್ನು ಕೂರುವುದಿಲ್ಲ. ಬಲೆ ಕಟ್ಟುವಾಗ ಒಂದು ತುದಿ ನಿನ್ನ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ. ನೀನು ಕೇಳಿದ್ದು ಅದರ ಅಡಿಯಲ್ಲಿ ಚೂರು ಜಾಗ. ಮೇಸ್ತ್ರಿ ಕೊಟ್ಟಿದ್ದ. ಅಣ್ಣ ಕೊಡಲಿಲ್ಲ.