ಮೂಲೆಗಂಬದ ಕೊಕ್ಕೆ

ಮೊರೀನ್ ಪೆನ್‌ಫೋಲ್ಡ್ ಆ ಬಡಗಿಯನ್ನು ಮೊದಲು ಕಂಡದ್ದು ಒಂದು ಶುಕ್ರವಾರದ ಸಂತೆಯಲ್ಲಿ. ಅವನು ಚೀಸ್ ಕೊಳ್ಳಲು ಬಂದವನಲ್ಲ. ಒದ್ದೆ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, ಅವಳ ಚೀಸ್ ಅಂಗಡಿಯ ಮೂಲೆಯ ಓಕ್ ಕಂಬಕ್ಕೆ ಕಿವಿಗೊಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಮೇಲೆ ಗಟ್ಟಿ ಸದ್ದು ಬಂತು, ಬುಡದಲ್ಲಿ ಟೊಳ್ಳು.

"ಏನಯ್ಯಾ, ಒಳಗೆ ಯಾರಾದ್ರೂ ಇದಾರಾ ಅಂತ ಬಾಗಿಲು ತಟ್ತಿದ್ದೀಯಾ?"

"ಇದ್ದೋರು ಕೊಳೆತುಹೋಗಿದಾರೆ ಕಣಮ್ಮ," ಎಂದ ಕ್ಲೈವ್ ಹಾಡ್ಜೆಟ್.

ವೆಲ್‌ಬರಿ ಊರಿನ ಸಂತೆಮನೆ ನಿಂತಿದ್ದೇ ಅಂಥ ಕಂಬಗಳ ಮೇಲೆ. ಕೆಳಗೆ ಅಂಗಡಿಗಳು, ಮೇಲೆ ಹಳೆಯ ಸಭಾಕೋಣೆ. ಕೊಳೆತ ಬುಡ ಕತ್ತರಿಸಿ ಹೊಸ ಓಕ್ ಕೂಡಿಸಬೇಕಾದರೆ ಕಟ್ಟಡದ ಮೂಲೆಯನ್ನೇ ಜಾಕಿಯಿಂದ ತುಸು ಎತ್ತಬೇಕಿತ್ತು. ಎತ್ತುವಾಗ ಏನಾದರೂ ಬಿಗಿದಿದ್ದರೆ ಮರ ಸೀಳುತ್ತದೆ, ಕಂಬದಲ್ಲಿರುವ ಕಬ್ಬಿಣವನ್ನೆಲ್ಲ ತೆಗೆಯಿರೆಂದು ಕ್ಲೈವ್ ಹೇಳಿಹೋದ.

ಮೊರೀನ್ ತೆಗೆಯಲಿಲ್ಲ. ಆ ಸಂತೆಯಲ್ಲಿ ಯಾರ ಮನೆತನದ ಕೊಕ್ಕೆ ಕಂಬದಲ್ಲಿದೆಯೋ ಜಾಗ ಅವರದು. ದುರಸ್ತಿಗೆಂದೇ ಕೊಕ್ಕೆ ಕಿತ್ತರೂ ಜಾಗ ಸರದಿಯಲ್ಲಿ ಕಾದವರಿಗೆ ಹೋಗುತ್ತದೆ. ಬ್ರೆಡ್ ಮಾರುವ ಡಡ್ಲಿ ಎಷ್ಟೋ ವರ್ಷದಿಂದ ಕಾದು ಕೂತಿದ್ದ. ಅವಳ ಅಜ್ಜ ಹೊಡೆದ ಕೊಕ್ಕೆಯಿಂದ ಪಕ್ಕದ ಕಲ್ಲುಗೋಡೆಗೆ, ಬಿಸಿಲುಮರೆ ಕಟ್ಟಲೆಂದು, ಒಂದು ಕಬ್ಬಿಣದ ಸಲಾಕೆ ಬಿಗಿದಿತ್ತು. ಎರಡನ್ನೂ ಅವಳು ಅಂಗಡಿಯ ಹೆಸರಿನ ಹಲಗೆಯ ಹಿಂದೆ ಮರೆಮಾಡಿದಳು.

ಎತ್ತುವ ದಿನ ಎಲ್ಲರೂ ಹಗ್ಗದಾಚೆ ನಿಂತಿದ್ದರು. ಕ್ಲೈವ್ ತೊಲೆಯಡಿ ಮಂಡಿಯೂರಿ ಜಾಕಿ ತಿರುಗಿಸುತ್ತಿದ್ದ. "ಸುಮ್ನಿರಿ, ಮರ ಮಾತಾಡೋದು ಕೇಳ್ಬೇಕು."

ಕಂಬ ನರಳಿತು. ಮೇಲಿಂದ ಸುಣ್ಣದ ಪುಡಿ ಉದುರಿತು.

"ನಿನ್ನ ಕಂಬಾನೂ ನಿನ್ನ ಹಾಗೇ ಗೊಣಗುತ್ತಲ್ಲೇ ಮೊರೀನ್!" ಎಂದ ಡಡ್ಲಿ. ಜನ ನಕ್ಕರು.

ಮೊರೀನಳಿಗೆ ನಗು ಬರಲಿಲ್ಲ. ಹಲಗೆಯ ಹಿಂದೆ ಕಬ್ಬಿಣ ಕಿರುಗುಟ್ಟುತ್ತಿತ್ತು. ಹಲಗೆಯ ಕೆಳಗೆ ಕಂಬದ ಮೈಯಲ್ಲಿ ಒಂದು ಸೀಳು ಕಾಣಿಸಿತು, ನೋಡನೋಡುತ್ತಲೇ ಉದ್ದವಾಯಿತು. ಅದರ ನೇರ ಕೆಳಗೆ ಕ್ಲೈವ್‌ನ ಬೋಳುತಲೆ. ಬಾಯಿ ಬಿಟ್ಟರೆ ಜಾಗ ಹೋಯಿತು. ಜಾಕಿ ಇನ್ನೊಂದು ಸುತ್ತು ತಿರುಗಿತು.

"ನಿಲ್ಸೋ! ನಿಲ್ಸು! ಹಲಗೆ ಹಿಂದೆ ನಮ್ಮ ಕೊಕ್ಕೆ ಇದೆ, ಗೋಡೆಗೆ ಬಿಗಿದಿದೆ!"

ನಗು ಅಡಗಿತು. ಕ್ಲೈವ್ ಹೊರಗೆ ತೆವಳಿ ಬಂದು, ಹಲಗೆ ಕಿತ್ತು ನೋಡಿದ. ಬೈಯಲಿಲ್ಲ. ಜಾಕಿ ಇಳಿಸಿ, ಕಬ್ಬಿಣ ಕುಯ್ಯುವ ಗರಗಸವನ್ನು ಅವಳ ಕೈಗಿಟ್ಟ.

"ನಿಮ್ಮಜ್ಜಂದು. ನೀನೇ ಕುಯ್ಯಿ."

ಅವಳು ಕುಯ್ದಳು. ಸಲಾಕೆ ತುಂಡಾಗಿ ಕಲ್ಲುಹಾಸಿನ ಮೇಲೆ ಠಣ್ಣೆಂದಿತು. ಕೊಕ್ಕೆಯನ್ನು ತಾನೇ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಡಡ್ಲಿ ಆವತ್ತು ಅವಳತ್ತ ನೋಡಲಿಲ್ಲ.

ಮೂಲೆಗಂಬದ ಹೊಸ ಬುಡ ಇನ್ನೂ ಬಿಳಿಚಿಕೊಂಡಿದೆ. ಅಲ್ಲಿ ಡಡ್ಲಿಯ ಬ್ರೆಡ್ಡು. ಚೀಸಿನ ಹಳೆಯ ಗಿರಾಕಿಗಳು ಅಭ್ಯಾಸದಿಂದ ಮೊದಲು ಅಲ್ಲಿಗೇ ಹೋಗಿ, ಆಮೇಲೆ ತಿರುಗುತ್ತಾರೆ. ಮೊರೀನ್ ಈಗ ಶುಕ್ರವಾರಗಳಂದು ಚೌಕದ ಕೈಪಂಪಿನ ಪಕ್ಕದಲ್ಲಿ, ದೊಡ್ಡ ಛತ್ರಿಯಡಿ ಚೀಸ್ ಮಾರುತ್ತಾಳೆ.