ಬಬಲೇಶ್ವರದ ಏರಿನಲ್ಲಿ ತಳ್ಳಿದ್ದು

ಏರಿನಲ್ಲಿ ಸೈಕಲ್ಲಿಗೆ ಹಗುರ ಗೇರು ಹಾಕಿದರೆ ಕಾಲು ಗರಗರ ತಿರುಗುತ್ತವೆ, ಸೈಕಲ್ಲು ಮಾತ್ರ ನಿಧಾನ ಹೋಗುತ್ತದೆ. ಹತ್ತುವ ರೀತಿಯೇ ಅದು. ಬಬಲೇಶ್ವರದ ದಾರಿಯ ದೊಡ್ಡ ಏರಿನಲ್ಲಿ ಹಿಂದೆಲ್ಲ ಅರ್ಧಕ್ಕೆ ಇಳಿದು ತಳ್ಳಿದ್ದೆ. ಅವತ್ತು ಇಳಿಯಬಾರದೆಂದು ಹಟ ಹಿಡಿದಿದ್ದೆ.

ನಡು ಏರಿನಲ್ಲಿ, ಉಳ್ಳಾಗಡ್ಡಿ ಚೀಲ ಹೇರಿಕೊಂಡು ಸಂತೆಗೆ ಹೊರಟ ಗಂಡ-ಹೆಂಡತಿಯ ಬೈಕು ಪಕ್ಕಕ್ಕೆ ಬಂತು.

“ಅಕ್ಕಾರ, ಚೈನ್ ಬಿದ್ದೈತೇನ್ರಿ? ಬರೇ ಕಾಲ ತಿರಗಾಕತ್ತಾವ, ಸೈಕಲ್ ಮುಂದ ಹೋಗವಲ್ದು!” ಎಂದ ಗಂಡ.

“ಇಲ್ರಿ, ಗೇರ್.” ಅದಕ್ಕಿಂತ ಹೆಚ್ಚು ಹೇಳಲು ಉಸಿರಿರಲಿಲ್ಲ.

“ತಡೀರಿ, ಕ್ಯಾರಿಯರಿಗೆ ಕಾಲು ಹಚ್ಚಿ ತಳ್ಳತೇನಿ.” ನಮ್ಮ ಕಡೆ ಕೆಟ್ಟ ಗಾಡಿಯನ್ನು ಹಿಂದಿನ ಬೈಕಿನವರು ಹಾಗೇ ಊರು ಮುಟ್ಟಿಸುತ್ತಾರೆ.

“ಬ್ಯಾಡ್ರಿ ಅಣ್ಣಾರ!”

“ಬ್ಯಾಡ ಅಂತಾರ, ನೀವು ನಡೀರಿ,” ಎಂದಳು ಹೆಂಡತಿ.

“ಹೆಣ್ಮಗಳನ್ನ ಹಿಂಗ ಬಿಟ್ಟು ಹೆಂಗ ಹೋಗ್ಲಿ?”

ನನ್ನ ವೇಗಕ್ಕೇ ಬೈಕನ್ನು ತೆವಳಿಸುತ್ತ ಬಂದ. ತುದಿ ಹತ್ತಿರವಿರುವಾಗ ಅದು ಕೆಮ್ಮಿ ಬಂದ್ ಆಯಿತು. ಕಿಕ್ ಹೊಡೆದರೂ ಏಳಲಿಲ್ಲ. ನಾನು ನಿಲ್ಲಲಿಲ್ಲ. ಏರು ಪೂರ್ತಿ ಮುಗಿಸಿ, ಮೇಲೆ ಕಾಲೂರಿ, ತಿರುಗಿ ಕೂಗಿದೆ:

“ಅಣ್ಣಾರ, ಕಾಲು ಹಚ್ಚಲೇನ್ರಿ?”

“ಕಾಲು ಬ್ಯಾಡ್ರಿ ಅಕ್ಕಾರ, ಕೈ ಹಚ್ಚರಿ!” ಎಂದು ನಗುತ್ತ ಬೈಕಿನಿಂದ ಇಳಿದಳು ಹೆಂಡತಿ.

ಸೈಕಲ್ಲು ನಿಲ್ಲಿಸಿ ಹೋದೆ. ಆ ಏರಿನಲ್ಲಿ ತಳ್ಳುವುದು ಅವತ್ತೂ ತಪ್ಪಲಿಲ್ಲ. ಸೈಕಲ್ಲನ್ನಲ್ಲ, ಅಷ್ಟೇ.